ಮಾಯ್ ದೆ ದೇವುಸ್: ಒಂದು ಹೆಸರಿನ ಹಿಂದಿನ ಜಗಳ

ಪುತ್ತೂರು ಪೇಟೆಯಲ್ಲಿ "ಮಾಯ್ ದೆ ದೇವುಸ್ ಚರ್ಚಿಗೆ" ಅಂದರೆ ಸಾಕು, ಆಟೋದವರು ಮರುಮಾತಿಲ್ಲದೆ ಕರ್ಕೊಂಡು ಹೋಗ್ತಾರೆ. ಆದರೆ ಆ ಹೆಸರಿನ ಅರ್ಥ ಎಂತ ಅಂತ ಕೇಳಿ ನೋಡಿ, ಹೆಚ್ಚಿನವರು ತಲೆ ಕೆರ್ಕೊಳ್ತಾರೆ. ಅದು ಪೋರ್ಚುಗೀಸ್ ಮಾತು. ಮಾಯ್ ಅಂದರೆ ತಾಯಿ, ದೇವುಸ್ ಅಂದರೆ ದೇವರು. ಒಟ್ಟಿಗೆ ಹೇಳಿದರೆ 'ದೇವರ ತಾಯಿ', ಅಂದರೆ ಯೇಸುವಿನ ತಾಯಿ ಮರಿಯಮ್ಮ. ಕೊಂಕಣಿಯಲ್ಲೂ ತಾಯಿಗೆ ಮಾಯ್ ಅಂತಲೇ ಹೇಳುವುದರಿಂದ ಇಲ್ಲಿನ ಕ್ರೈಸ್ತರಿಗೆ ಅದು ಹೊರಗಿನ ಮಾತು ಅಂತ ಅನಿಸಲೇ ಇಲ್ಲ.

ದೇವರಿಗೆ ತಾಯಿ ಇರೋದರಲ್ಲಿ ನಮಗೆ ವಿಶೇಷವೇನೂ ಕಾಣಿಸೋದಿಲ್ಲ. ಕೃಷ್ಣನಿಗೆ ದೇವಕಿ ಇದ್ದಾಳೆ, ಯಶೋದೆಯೂ ಇದ್ದಾಳೆ. ಆದರೆ ಈ ಎರಡು ಪದಗಳಿಗಾಗಿ ಕ್ರೈಸ್ತ ಜಗತ್ತು ಎರಡು ಪಾಲಾಯಿತು, ಕೇರಳದಲ್ಲಿ ಪುಸ್ತಕಗಳು ಸುಟ್ಟು ಬೂದಿಯಾದವು ಅಂದರೆ ನಂಬ್ತೀರಾ? ಆ ಜಗಳದ ಎಲ್ಲಾ ಕಡೆಯವರ ಮೊಮ್ಮಕ್ಕಳು ಇವತ್ತು ಪುತ್ತೂರು, ಸುಳ್ಯ, ಕಡಬದಲ್ಲಿ ಅಕ್ಕಪಕ್ಕದ ತೋಟಗಳಲ್ಲಿದ್ದಾರೆ. ನಾನು ಆ ಧರ್ಮದವನಲ್ಲ, ಅದರ ಶಾಸ್ತ್ರ ಓದಿದವನೂ ಅಲ್ಲ. ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ನೆರೆಮನೆಯವರ ನಂಬಿಕೆ ಎಲ್ಲಿಂದ ಹೇಗೆ ಬಂತು ಅಂತ ತಿಳ್ಕೊಳ್ಳೋದಕ್ಕೆ ಅದೇ ಧರ್ಮದವರಾಗಿ ಹುಟ್ಟಬೇಕಂತ ಇಲ್ಲವಲ್ಲ.

ಮೊದಲು ಮೂಲ ವಿಷಯಕ್ಕೆ ಬರೋಣ. ಕ್ರೈಸ್ತರು ನಂಬೋದೇನು? ಚಿಕ್ಕದಾಗಿ ಹೇಳೋದಾದರೆ ಹೀಗೆ. ದೇವರು ಒಬ್ಬನೇ, ಎಲ್ಲವನ್ನೂ ಸೃಷ್ಟಿಸಿದವನು ಅವನೇ. ಆ ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಅಂತ ಮೂವರು. ಮಗ ಮನುಷ್ಯನಾಗಿ ಮರಿಯಳಲ್ಲಿ ಹುಟ್ಟಿ, ಪೊಂತ್ಯ ಪಿಲಾತ ಅನ್ನುವ ರೋಮನ್ ಅಧಿಕಾರಿಯ ಕಾಲದಲ್ಲಿ ಶಿಲುಬೆಗೇರಿ ಸತ್ತ. ಮೂರನೇ ದಿನ ಎದ್ದುಬಂದ. ಅದರಿಂದ ಮನುಷ್ಯರಿಗೆ ಪಾಪದಿಂದ ಬಿಡುಗಡೆ. ಸತ್ತವರೆಲ್ಲ ಒಂದು ದಿನ ಎದ್ದು ಬರ್ತಾರೆ, ನ್ಯಾಯತೀರ್ಪು ಆಗ್ತದೆ. ಇದನ್ನು ಮೂರು ತಲೆಯ ದೇವರು ಅಂತಲೋ, ನಮ್ಮ ತ್ರಿಮೂರ್ತಿಗಳ ಹಾಗೆ ಸೃಷ್ಟಿ ಸ್ಥಿತಿ ಲಯ ಹಂಚಿಕೊಂಡ ಮೂವರು ಅಂತಲೋ ತಿಳಿದರೆ ಅವರು ಒಪ್ಪೋದಿಲ್ಲ. ಕನ್ನಡದಲ್ಲಿ ಅದಕ್ಕೆ 'ತ್ರಿಯೇಕ' ಅನ್ನುವ ಪದ ಮಾಡಿಕೊಂಡಿದ್ದಾರೆ. ಮೂರು ಮತ್ತು ಒಂದು ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವ ಪ್ರಯತ್ನ.

ಇದೆಲ್ಲ ಮೊದಲ ದಿನವೇ ಹೀಗೆ ಪಟ್ಟಿ ಮಾಡಿ ಬರೆದಿಟ್ಟದ್ದಲ್ಲ. ಜಗಳ ಆದಾಗ ಸಭೆ ಸೇರಿ, ಒಂದೊಂದೇ ಸಾಲು ಸೇರಿಸುತ್ತಾ ಹೋದರು. ಅಲೆಕ್ಸಾಂಡ್ರಿಯಾದ ಅರಿಯುಸ್ ಅನ್ನುವ ಪಾದ್ರಿ, "ಮಗ ದೊಡ್ಡವನೇ, ಆದರೆ ತಂದೆಯಿಂದ ಸೃಷ್ಟಿಯಾದವನು, ತಂದೆಗೆ ಸಮಾನ ಅಲ್ಲ" ಅನ್ನುವ ಅರ್ಥದಲ್ಲಿ ಬೋಧಿಸಿದ. ಗಲಾಟೆ ಆಯಿತು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪರನ್ನೆಲ್ಲ ಇವತ್ತಿನ ಟರ್ಕಿಯಲ್ಲಿರುವ ನೈಸಿಯಾ ಊರಿಗೆ ಕರೆಸಿದ. ಮಗನೂ ತಂದೆಯೂ ಒಂದೇ ತತ್ವ ಅಂತ ಅಲ್ಲಿ ತೀರ್ಮಾನ ಆಯಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇನ್ನೊಂದು ಸಭೆ ಸೇರಿತು, ಪವಿತ್ರಾತ್ಮನ ವಿಷಯವೂ ಇತ್ಯರ್ಥವಾಯಿತು. ಈ ಎರಡು ಸಭೆಗಳ ಹೆಸರಲ್ಲಿ ಬಂದ ವಿಶ್ವಾಸ ಪ್ರಮಾಣವನ್ನೇ ಇವತ್ತಿಗೂ ಪುತ್ತೂರಿನ ಕ್ಯಾಥೊಲಿಕರು ಕೊಂಕಣಿ, ಕನ್ನಡದಲ್ಲಿ, ಕಡಬದ ಕಡೆಯ ಸಿರಿಯನ್ ಕ್ರೈಸ್ತರು ಮಲಯಾಳದಲ್ಲಿ ಹೇಳೋದು. 2025ಕ್ಕೆ ನೈಸಿಯಾ ಸಭೆಗೆ ಭರ್ತಿ 1700 ವರ್ಷ ಆಯಿತು.

ಯೇಸು ದೇವರೇ ಅಂತ ಆಯಿತು. ಹಾಗಾದರೆ ಮರಿಯಳನ್ನು ಏನಂತ ಕರೆಯೋದು? ಜನ ಆಗಲೇ 'ಥಿಯೊಟೊಕೋಸ್' ಅಂತಿದ್ದರು. ಗ್ರೀಕ್‌ನಲ್ಲಿ ದೇವರನ್ನು ಹೆತ್ತವಳು ಅಂತ ಅರ್ಥ. ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷ ನೆಸ್ತೋರಿಯುಸ್‌ಗೆ ಇದು ಸರಿ ಕಾಣಲಿಲ್ಲ. ದೇವರಿಗೆ ಆದಿಯೇ ಇಲ್ಲ ಅಂದಮೇಲೆ ಅವನನ್ನು ಹೆರೋದು ಹೇಗೆ? 'ಕ್ರಿಸ್ತೊಟೊಕೋಸ್', ಅಂದರೆ ಕ್ರಿಸ್ತನನ್ನು ಹೆತ್ತವಳು ಅನ್ನಿ, ಅಷ್ಟು ಸಾಕು ಅಂದ. ಅಲೆಕ್ಸಾಂಡ್ರಿಯಾದ ಸಿರಿಲ್ ಬಿಡಲಿಲ್ಲ. ಹಾಗೆ ಹೇಳಿದರೆ ಯೇಸುವಿನೊಳಗೆ ದೇವರು ಬೇರೆ, ಮನುಷ್ಯ ಬೇರೆ ಅಂತ ಇಬ್ಬರನ್ನು ಮಾಡಿದ ಹಾಗಾಗ್ತದೆ, ಶಿಲುಬೆಯಲ್ಲಿ ಸತ್ತವನು ಬರೀ ಮನುಷ್ಯ ಅಂತಾದರೆ ರಕ್ಷಣೆ ಎಲ್ಲಿಂದ ಬಂತು ಅನ್ನೋದು ಅವನ ವಾದ. ನೋಡಿ, ಮಾತು ಮರಿಯಳ ಬಗ್ಗೆ ಅನಿಸಿದರೂ ಪ್ರಶ್ನೆ ಇದ್ದದ್ದು ಮಗನ ಬಗ್ಗೆ. 431ರಲ್ಲಿ ಎಫೆಸ ಪಟ್ಟಣದ ಸಭೆ ಸಿರಿಲ್‌ನ ಪರ ನಿಂತಿತು. ನೆಸ್ತೋರಿಯುಸ್ ಪದವಿ ಕಳೆದುಕೊಂಡು ಗಡೀಪಾರಾದ. 'ದೇವರ ತಾಯಿ' ಅನ್ನೋದು ಅಧಿಕೃತ ಆಯಿತು. ಪುತ್ತೂರಿನ ಬೋರ್ಡಿನಲ್ಲಿರೋದು ಆ ತೀರ್ಪು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಪರ್ಷಿಯಾ ಕಡೆಯ ಪೂರ್ವದ ಸಭೆ ಎಫೆಸದ ತೀರ್ಪನ್ನು ಒಪ್ಪಲಿಲ್ಲ. 451ರಲ್ಲಿ ಕಾಲ್ಸಿಡೋನ್‌ನಲ್ಲಿ ಸೇರಿದ ಸಭೆ, ಕ್ರಿಸ್ತ ಒಬ್ಬನೇ ವ್ಯಕ್ತಿ, ಆದರೆ ದೈವ ಸ್ವಭಾವ ಮನುಷ್ಯ ಸ್ವಭಾವ ಅಂತ ಎರಡಿವೆ ಅಂದಿತು. ಈಜಿಪ್ಟ್, ಸಿರಿಯಾದ ಎಷ್ಟೋ ಮಂದಿ ಇದನ್ನು ಒಪ್ಪಲಿಲ್ಲ. ಎರಡೂ ಸೇರಿ ಒಂದೇ ಆಗಿರುವ ಸ್ವಭಾವ ಅನ್ನೋದು ಅವರ ಮಾತು. ಹೀಗೆ ಮೂರು ಕವಲು ಆಯಿತು. ಒಂದೇ ಕೋಡನ್ನು ಮೂರು ಟೀಮು ಇಟ್ಟುಕೊಂಡು, ವೇರಿಯೇಬಲ್‌ಗೆ ಎಂತ ಹೆಸರಿಡೋದು ಅಂತ ಜಗಳ ಆಡಿ ಬೇರೆಯಾದ ಹಾಗೆ. ಸಣ್ಣ ವಿಷಯ ಅಂತ ಹೊರಗಿನವರು ನಗಬಹುದು, ಒಳಗೆ ಇದ್ದವರಿಗೆ ಅದು ಸಣ್ಣದಲ್ಲ.

ಇನ್ನು ಇದು ನಮ್ಮ ಕಡೆಗೆ ಬಂದ ದಾರಿ. ಕೇರಳದಲ್ಲಿ ಸಂತ ತೋಮರಿಂದಲೇ ಕ್ರೈಸ್ತರಾದೆವು ಅನ್ನುವ ಹಳೆಯ ಸಮುದಾಯ ಇದೆ. ಶತಮಾನಗಳ ಕಾಲ ಅವರಿಗೆ ಬಿಷಪರು ಬರುತ್ತಿದ್ದದ್ದು ಅದೇ ಪೂರ್ವದ ಸಭೆಯಿಂದ. ಪೂಜೆಯ ಭಾಷೆ ಸಿರಿಯಾಕ್. ಪೋರ್ಚುಗೀಸರು ಬಂದು ನೋಡಿದರೆ, ಇಲ್ಲಿನ ಪುಸ್ತಕಗಳಲ್ಲಿ ನೆಸ್ತೋರಿಯುಸ್‌ನ ಹೆಸರು ಗೌರವದಿಂದ ಇದೆ! 1599ರ ಜೂನ್‌ನಲ್ಲಿ ಗೋವಾದ ಆರ್ಚ್‌ಬಿಷಪ್ ಅಲೈಶೊ ದೆ ಮೆನೆಜಿಸ್ ಕೊಚ್ಚಿ ಹತ್ತಿರದ ಉದಯಂಪೇರೂರಿನಲ್ಲಿ ಸಭೆ ಕರೆದ. ನೆಸ್ತೋರಿಯುಸ್‌ನನ್ನು ಎಲ್ಲರೂ ತಿರಸ್ಕರಿಸಬೇಕು, ಮರಿಯಳನ್ನು ದೇವರ ತಾಯಿ ಅಂತ ಒಪ್ಪಬೇಕು ಅಂತಾಯಿತು. ತಪ್ಪು ಬೋಧನೆ ಇದೆ ಅಂತ ಅನಿಸಿದ ಸಿರಿಯಾಕ್ ಗ್ರಂಥಗಳು ಬೆಂಕಿಗೆ ಬಿದ್ದವು. ಆ ಸಮುದಾಯದ ಹಳೆಯ ಇತಿಹಾಸ ಬರೆಯೋದಕ್ಕೆ ಇವತ್ತು ಆಧಾರಗಳು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ.

ಒತ್ತಾಯದ ಒಗ್ಗಟ್ಟು ಎಷ್ಟು ದಿನ ಬಾಳ್ತದೆ? 1653ರಲ್ಲಿ ಮಟ್ಟಾಂಚೇರಿಯಲ್ಲಿ ಸಾವಿರಾರು ಮಂದಿ ಸೇರಿ, ಇನ್ನು ಜೆಸ್ವಿಟರ ಮಾತು ಕೇಳೋದಿಲ್ಲ ಅಂತ ಆಣೆ ಮಾಡಿದರು. ಅದೇ ಕೂನನ್ ಕುರಿಶ್ ಆಣೆ. ಆಮೇಲೆ ಸಮುದಾಯ ಎರಡಾಯಿತು. ರೋಮಿನ ಜೊತೆ ಉಳಿದವರು ಇವತ್ತಿನ ಸಿರೊ ಮಲಬಾರ್‌ನವರು. ಬೇರೆಯಾದವರು ಅಂತಿಯೋಕ್ಯದ ಸಂಪರ್ಕಕ್ಕೆ ಬಂದರು, ಅಂದರೆ 451ರ ತೀರ್ಪನ್ನು ಒಪ್ಪದ ಕವಲಿಗೆ. ಅವರಲ್ಲಿ ಆರ್ಥೊಡಾಕ್ಸ್, ಯಾಕೋಬಾಯ, ಮಾರ್ತೋಮ ಅಂತ ಮುಂದೆ ಭಾಗ ಆಯಿತು. 1930ರಲ್ಲಿ ಮಾರ್ ಇವಾನಿಯೋಸ್ ಜೊತೆ ಒಂದು ಗುಂಪು ತನ್ನ ಪೂಜಾಕ್ರಮವನ್ನು ಉಳಿಸಿಕೊಂಡೇ ರೋಮಿಗೆ ಮರಳಿತು. ಅವರು ಸಿರೊ ಮಲಂಕರದವರು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ತಿರುವಾಂಕೂರಿನ ಕಡೆಯಿಂದ ನೆಲ ಹುಡುಕಿಕೊಂಡು, ಮರಗೆಣಸು, ರಬ್ಬರ್ ಹಿಡ್ಕೊಂಡು ನೆಲ್ಯಾಡಿ, ಕಡಬ, ಸುಳ್ಯದ ಗುಡ್ಡಗಳಿಗೆ ಬಂದವರಲ್ಲಿ ಈ ಕವಲಿನವರೆಲ್ಲ ಇದ್ದರು. 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೊ ಮಲಬಾರ್ ಧರ್ಮಪ್ರಾಂತ್ಯ ಆಯಿತು, 2010ರಲ್ಲಿ ಪುತ್ತೂರಿನಲ್ಲೇ ಸಿರೊ ಮಲಂಕರ ಧರ್ಮಪ್ರಾಂತ್ಯ ಬಂತು.

ಪುತ್ತೂರಿನ ಹಳೆಯ ಕ್ಯಾಥೊಲಿಕರ ದಾರಿ ಬೇರೆ. ಅವರು ಗೋವಾ ಕಡೆಯಿಂದ ಬಂದ ಕೊಂಕಣಿಯವರು. ಇಗರ್ಜಿ, ಪಾದ್ರಿ ಅನ್ನುವ ಪೋರ್ಚುಗೀಸ್ ಪದಗಳು ಅವರೊಟ್ಟಿಗೇ ಬಂದವು. 1784ರಲ್ಲಿ ಟಿಪ್ಪು, ಇಂಗ್ಲಿಷರಿಗೆ ನೆರವಾದರು ಅನ್ನುವ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ವಾಪಸು ಬಂದರು. ಪುತ್ತೂರಿನ ಇಗರ್ಜಿ ಆದದ್ದು 1830ರಲ್ಲಿ, ಅಂದರೆ ವಾಪಸು ಬಂದ ಮೂವತ್ತೊಂದು ವರ್ಷಕ್ಕೆ. ಸೆರೆಯಲ್ಲಿ ಮಕ್ಕಳನ್ನು ಕಳ್ಕೊಂಡ ಎಷ್ಟೋ ತಾಯಂದಿರು ಆ ತಲೆಮಾರಿನಲ್ಲಿ ಇದ್ದಿರಬೇಕು. ಅವರಿಗೆ 'ದೇವರ ತಾಯಿ' ಅಂದರೆ ಎಫೆಸದ ತೀರ್ಪಲ್ಲ, ಮಗನ ಸಾವನ್ನು ಕಣ್ಣಾರೆ ಕಂಡ ಒಬ್ಬ ಹೆಂಗಸು. ಶಾಸ್ತ್ರ ಜನರ ಬಾಯಿಗೆ ಬಂದಾಗ ಹೀಗೇ ಆಗೋದು. ಅಂದಹಾಗೆ ಕಡಬದ ಕ್ಯಾಥೊಲಿಕ್ ಚರ್ಚು ಸಂತ ಜೋಕಿಮರದ್ದು. ಪರಂಪರೆಯ ಪ್ರಕಾರ ಜೋಕಿಮ್ ಅಂದರೆ ಮರಿಯಳ ಅಪ್ಪ. ಮಗಳು ಪುತ್ತೂರಿನಲ್ಲಿ, ಅಪ್ಪ ಕಡಬದಲ್ಲಿ!

ಪುತ್ತೂರಿನ ಇಗರ್ಜಿ ಆಗಿ ನಾಲ್ಕೇ ವರ್ಷಕ್ಕೆ, 1834ರಲ್ಲಿ, ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿಳಿದರು. ಅವರದು ಪ್ರೊಟೆಸ್ಟೆಂಟ್ ದಾರಿ. ಪುಣ್ಯ ಸಂಪಾದಿಸಿ ರಕ್ಷಣೆ ಗಳಿಸೋಕೆ ಆಗೋದಿಲ್ಲ, ದೇವರ ಕೃಪೆಯನ್ನು ನಂಬಿ ಪಡೆಯಬೇಕು ಅನ್ನೋದು ಅದರ ತಿರುಳು. ಮರಿಯಳ ಹಬ್ಬ, ಹರಕೆ ಅವರಿಗಿಲ್ಲ. ಆದರೆ ಲೂಥರ್ ಕೂಡ 'ದೇವರ ತಾಯಿ' ಅನ್ನುವ ಮಾತನ್ನು ಒಪ್ಪಿದ್ದ. ಬಾಸೆಲ್‌ನವರು 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚು ಹಾಕಿದರು. ಕನ್ನಡದಲ್ಲಿ ಅದಕ್ಕೂ ಮೊದಲೇ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಬೈಬಲ್ ತಂದಿದ್ದರು. ದೇವರು ಮನುಷ್ಯನಾದ ಅನ್ನೋದಕ್ಕೆ ಕನ್ನಡ ಕ್ರೈಸ್ತರು ಬಳಸಿದ ಪದ 'ನರಾವತಾರ'. ಅವತಾರ ಅಂದ ಕೂಡಲೇ ನಮಗೆ ಹತ್ತು ನೆನಪಾಗ್ತದೆ. ಅವರು ಹೇಳೋದು ಒಂದೇ ಸಲ, ಒಂದೇ ಊರಿನಲ್ಲಿ, ಮತ್ತೆಂದೂ ಇಲ್ಲ ಅಂತ. ಎಫೆಸದಲ್ಲಿ ಗ್ರೀಕ್ ಪದಕ್ಕೆ ಬಂದ ತಾಪತ್ರಯವೇ ಇಲ್ಲಿ ಕನ್ನಡ ಪದಕ್ಕೂ ಬಂತು. ಪದ ನಮ್ಮದು, ಅರ್ಥ ಅವರದು.

ಇನ್ನು ಜಗಳದ ಕೊನೆ. 1984ರಲ್ಲಿ ಎರಡನೇ ಜಾನ್ ಪಾಲ್ ಪೋಪರೂ ಸಿರಿಯನ್ ಆರ್ಥೊಡಾಕ್ಸ್ ಪೇತ್ರಿಯಾರ್ಕ್ ಒಂದನೇ ಝಕ್ಕಾ ಅವರೂ ಒಟ್ಟಿಗೆ ಸಹಿ ಹಾಕಿದರು. 451ರ ನಂತರ ಬಂದ ಒಡಕು ಪದ ಮತ್ತು ಸಂಸ್ಕೃತಿಯ ವ್ಯತ್ಯಾಸದಿಂದ ಆದದ್ದು, ಕ್ರಿಸ್ತನ ಬಗೆಗಿನ ನಂಬಿಕೆಯ ತಿರುಳು ಒಂದೇ ಅಂತ. 1994ರ ನವೆಂಬರ್‌ನಲ್ಲಿ ಅದೇ ಪೋಪರು, ಪೂರ್ವದ ಸಭೆಯ ಪೇತ್ರಿಯಾರ್ಕ್ ನಾಲ್ಕನೇ ಮಾರ್ ದಿನ್ಖಾ ಜೊತೆ ಇನ್ನೊಂದು ಘೋಷಣೆ ಮಾಡಿದರು. ಒಬ್ಬರು 'ದೇವರ ತಾಯಿ' ಅನ್ನಲಿ, ಇನ್ನೊಬ್ಬರು 'ಕ್ರಿಸ್ತನ ತಾಯಿ' ಅನ್ನಲಿ, ಎರಡೂ ಒಂದೇ ನಂಬಿಕೆ, ಎರಡೂ ಸರಿ. 431ರಿಂದ 1994, ಲೆಕ್ಕ ಹಾಕಿ, 1563 ವರ್ಷ. ಉದಯಂಪೇರೂರಿನಲ್ಲಿ ಸುಟ್ಟ ಪುಸ್ತಕಗಳು ಮಾತ್ರ ವಾಪಸು ಬರಲಿಲ್ಲ.

ಹಾಗಂತ ಎಲ್ಲಾ ಸರಿ ಆಯಿತು ಅಂತಲ್ಲ. ಸಭೆಗಳು ಇನ್ನೂ ಬೇರೆ ಬೇರೆಯೇ. ಎರಡು ಸಭೆಗಳ ನಡುವೆ ಮದುವೆ ಮಾತಾದರೆ ಯಾವ ಚರ್ಚಿನಲ್ಲಿ, ಯಾರ ಅನುಮತಿ ಅಂತ ಈಗಲೂ ಓಡಾಡಬೇಕು. ಸಿದ್ಧಾಂತ ಪುಸ್ತಕದಲ್ಲಿರೋದು ಅಂತ ನಾವು ತಿಳಿದಿರ್ತೇವೆ, ಅದು ಮನೆ ಬಾಗಿಲಿಗೆ ಬರೋದು ಹೀಗೆ.

ಸೆಪ್ಟೆಂಬರ್ 8 ಬಂದಾಗ ಗಮನಿಸಿ. ಅದು ಮರಿಯಳ ಹುಟ್ಟುಹಬ್ಬ. ಪುತ್ತೂರಿನ ಕೊಂಕಣಿ ಮನೆಗಳಲ್ಲಿ ಮೊಂತಿ ಹಬ್ಬ, ಇಗರ್ಜಿಯಿಂದ ತಂದ ಭತ್ತದ ತೆನೆ ಬೆರೆಸಿ ಹೊಸ ಅಕ್ಕಿ ಊಟ. ಕಡಬ, ನೆಲ್ಯಾಡಿಯ ಸಿರಿಯನ್ ಮನೆಗಳಲ್ಲಿ ಅದೇ ದಿನ ಎಂಟು ದಿನದ ವ್ರತ, ಎಟ್ಟುನೋಂಬು, ಮುಗೀತದೆ. ಒಬ್ಬರ ಅಜ್ಜಂದಿರು ಪೋರ್ಚುಗೀಸರಿಂದ ಆ ಹೆಸರು ಕಲಿತವರು, ಇನ್ನೊಬ್ಬರ ಅಜ್ಜಂದಿರು ಆ ಹೆಸರಿಗಾಗಿಯೇ ಪೋರ್ಚುಗೀಸರಿಂದ ಪೆಟ್ಟು ತಿಂದವರು. ಮಕ್ಕಳು ಮಾತ್ರ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗ್ತಾರೆ, ತುಳುವಿನಲ್ಲಿ ಮಾತಾಡಿಕೊಂಡು.