ಹೋದ ಸಾಮ್ರಾಜ್ಯ, ಉಳಿದ ಕಾನೂನು

‘ರಾಜರ ಕಾಲವೇ ಚೆನ್ನಾಗಿತ್ತು’ ಎಂಬ ಮಾತನ್ನು ನೀವು ಹಿರಿಯರ ಬಾಯಲ್ಲಿ ಕೇಳಿರಬಹುದು. ಯುರೋಪಿನಲ್ಲೂ ಈ ಹಂಬಲವಿದೆ. ಅದನ್ನು ನೋಡಬೇಕಾದರೆ ಆಸ್ಟ್ರಿಯಾದ ವಿಯೆನ್ನಾ ನಗರವನ್ನೇ ನೋಡಬೇಕು. 1848ರಿಂದ 1916ರವರೆಗೆ ಆಳಿದ ಚಕ್ರವರ್ತಿ ಫ್ರಾಂಜ್ ಜೋಸೆಫ್‌ನ ಚಿತ್ರ ಅಲ್ಲಿ ಈಗಲೂ ಅಂಗಡಿಗಳಲ್ಲಿ ಮಾರಾಟಕ್ಕಿದೆ. 1918ರಲ್ಲಿ ಆ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯ ಒಡೆಯಿತು, ಮರುವರ್ಷ ಬಿರುದು ಬಾವಲಿಗಳನ್ನೂ ಕಾನೂನಿನಿಂದ ರದ್ದು ಮಾಡಲಾಯಿತು. ಆದರೂ ಕೊನೆಯ ಚಕ್ರವರ್ತಿಯ ಮಗ ಒಟ್ಟೊ 2011ರಲ್ಲಿ ತೀರಿಕೊಂಡಾಗ ಅಂತ್ಯಯಾತ್ರೆ ನೋಡಲು ಜನ ಬೀದಿಯಲ್ಲಿ ಕಿಕ್ಕಿರಿದು ನಿಂತರು. (ಮೆರವಣಿಗೆ ಎಂದರೆ ಯಾರಿಗೆ ಬೇಡ!)

ಇದು ಬರೀ ಆಡಂಬರದ ಮೋಹವೇ? ಹಾಗೆಂದು ತಳ್ಳಿಹಾಕಲಾಗದು. 1932ರಲ್ಲಿ ‘ರಾಡೆಟ್ಸ್ಕಿ ಮಾರ್ಚ್’ ಎಂಬ ಕಾದಂಬರಿಯಲ್ಲಿ ಆ ಸಾಮ್ರಾಜ್ಯದ ಅಸ್ತಮಾನವನ್ನು ಚಿತ್ರಿಸಿದ ಜೋಸೆಫ್ ರೋತ್ ರಾಜವಂಶದವರಲ್ಲ. ಗಡಿನಾಡಿನ ಬ್ರೋಡಿ ಎಂಬ ಊರಿನ ಯಹೂದಿ. ಹತ್ತಾರು ಭಾಷೆಗಳ ಆ ರಾಜ್ಯದಲ್ಲಿ ಅವರು ಹಲವರಲ್ಲಿ ಒಬ್ಬರು. ಒಂದು ಜನಾಂಗಕ್ಕೆ ಒಂದು ದೇಶ ಎಂಬ ಹೊಸ ಲೆಕ್ಕದಲ್ಲಿ ಅವರಂಥವರಿಗೆ ಜಾಗವೇ ಇರಲಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಅವರು ಜರ್ಮನಿ ಬಿಟ್ಟರು, 1939ರಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. ಮುಂದೆ ಬಂದುದರ ಭೀಕರತೆಯಿಂದಲೇ ಹಿಂದಿನದು ಸುಂದರವಾಗಿ ಕಂಡಿತು ಎಂಬುದು ನನ್ನ ಅಭಿಪ್ರಾಯ.

ಆದರೆ 1914ರ ಜುಲೈ 28ರಂದು ಸರ್ಬಿಯಾದ ಮೇಲೆ ಯುದ್ಧ ಸಾರಿದವನು ಇದೇ ಮುದಿ ಚಕ್ರವರ್ತಿ. ಆ ಮಹಾಯುದ್ಧದಲ್ಲಿ ಅವನ ಸೈನಿಕರೇ ಹತ್ತು ಲಕ್ಷಕ್ಕೂ ಮಿಕ್ಕಿ ಸತ್ತರು. ಬೋಸ್ನಿಯಾದ ಮುಸ್ಲಿಮರನ್ನು ಕೇಳಿದರೆ ಇನ್ನೊಂದು ಕತೆ ಹೊರಬೀಳುತ್ತದೆ. 1878ರಲ್ಲಿ ಅವನ ಸೈನ್ಯ ಸರಜೇವೊ ನಗರವನ್ನು ಹೋರಾಡಿಯೇ ಹಿಡಿಯಬೇಕಾಯಿತು. ಆ ಬಳಿಕ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟು ತುರ್ಕಿಯ ಕಡೆ ಹೊರಟುಹೋದವು.

ಉಳಿದವರನ್ನು ಏನು ಮಾಡುವುದು? 1908ರಲ್ಲಿ ಬೋಸ್ನಿಯಾವನ್ನು ಪೂರ್ತಿಯಾಗಿ ಸೇರಿಸಿಕೊಂಡ ಮೇಲೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಆ ಸೈನ್ಯದ ಬೋಸ್ನಿಯನ್ ತುಕಡಿಗಳಲ್ಲಿ ಇಮಾಮರೂ ಇದ್ದರು. 1912ರಲ್ಲಿ ಹನಫಿ ಪಂಥದ ಇಸ್ಲಾಮಿಗೆ ಆಸ್ಟ್ರಿಯಾ ಕಾನೂನಿನ ಮಾನ್ಯತೆ ಕೊಟ್ಟಿತು. ಔದಾರ್ಯಕ್ಕಿಂತ ಆಡಳಿತದ ಅಗತ್ಯವೇ ಇದರ ಹಿಂದೆ ಹೆಚ್ಚಿತ್ತು, ನಿಜ. ಆದರೆ ಸಿಂಹಾಸನ ಹೋದರೂ ಕಾನೂನು ಹೋಗಲಿಲ್ಲ. ಕೂಲಿಗೆಂದು ತುರ್ಕಿಯಿಂದ ಬಂದ ಕಾರ್ಮಿಕರು ವಿಯೆನ್ನಾದಲ್ಲಿ ನೆಲೆಸಿದ ಕಾಲಕ್ಕೆ, 1979ರಲ್ಲಿ, ಅಲ್ಲಿನ ಮುಸ್ಲಿಮರ ಅಧಿಕೃತ ಸಂಸ್ಥೆ ರೂಪುಗೊಂಡದ್ದು ಇದೇ ಹಳೆಯ ಕಾನೂನಿನ ಆಧಾರದ ಮೇಲೆ. 2015ರಲ್ಲಿ ಹೊಸ ಕಾನೂನು ಬರುವವರೆಗೂ ಅದು ಜಾರಿಯಲ್ಲಿತ್ತು.