‘ಡಿ ಡ್ರೈವ್‌ನಲ್ಲಿದೆ, ಭಯವಿಲ್ಲ’ ಎನ್ನುವ ಮುನ್ನ: ಹಾರ್ಡ್‌ಡಿಸ್ಕ್ ವಿಭಾಗಗಳ ಒಳಹೊರಗು

ಹಾವೇರಿ: ಮನೆಯ ಗಣಕಯಂತ್ರದಲ್ಲಿ ಹಿಂದಿನ ‘ಮೈ ಕಂಪ್ಯೂಟರ್’ ಅಥವಾ ಈಗಿನ ‘ದಿಸ್ ಪಿಸಿ’ಯನ್ನು ತೆರೆದರೆ ಸಿ, ಡಿ, ಇ ಎಂಬ ಎರಡು ಮೂರು ಚಿಹ್ನೆಗಳು ಕಾಣಿಸುತ್ತವೆ. ಯಂತ್ರದೊಳಗೆ ಅಷ್ಟೇ ಸಂಖ್ಯೆಯ ಹಾರ್ಡ್‌ಡಿಸ್ಕ್‌ಗಳಿವೆ ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಹಳೆಯ ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಡಿಸ್ಕ್. ಉಳಿದದ್ದು ಅದರೊಳಗೆ ಎಳೆದ ಗಡಿರೇಖೆ. ಹೀಗೆ ಬೇರ್ಪಡಿಸಿದ ಪ್ರತಿಯೊಂದು ಭಾಗಕ್ಕೂ ಪಾರ್ಟಿಷನ್ ಅಥವಾ ವಿಭಾಗ ಎಂದು ಹೆಸರು.

2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆ ಬಳಿಕ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಿಸಬೇಕೇ ಎಂಬ ಪ್ರಶ್ನೆ ಅನೇಕ ಮನೆ, ಅಂಗಡಿಗಳಲ್ಲಿ ಎದ್ದಿದೆ. ದುರಸ್ತಿ ಅಂಗಡಿಗೆ ಯಂತ್ರವನ್ನು ಒಯ್ದಾಗ ಕೇಳಿಬರುವ ಮಾತು ಹಳೆಯದೇ: ‘ಸಿ ಅಷ್ಟ ಫಾರ್ಮ್ಯಾಟ್ ಆಗ್ತೈತಿ, ಡಿ ಒಳಗಿದ್ದದ್ದು ಹಂಗ ಇರ್ತೈತಿ.’ ವಿಂಡೋಸ್ ಎಕ್ಸ್‌ಪಿ, ವಿಂಡೋಸ್ 7ರ ಕಾಲದಲ್ಲಿ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಈ ಸಲದ ಬದಲಾವಣೆಯಲ್ಲಿ ಅದು ಸುಳ್ಳಾಗುವ ಸಂಭವವಿದೆ. ಕಾರಣ ತಿಳಿಯಬೇಕಾದರೆ ಡಿಸ್ಕ್‌ನ ಒಳಗಿನ ಲೆಕ್ಕಾಚಾರವನ್ನು ಕೊಂಚ ನೋಡಬೇಕು.

ಹೊಲ ಒಂದೇ, ಹಿಸ್ಸೆ ಹಲವು

ನಾಲ್ಕು ಎಕರೆ ಹೊಲವನ್ನು ಅಣ್ಣತಮ್ಮಂದಿರು ವಾಟಣಿ ಮಾಡಿಕೊಂಡರೆ ನೆಲವೇನೂ ಹೆಚ್ಚುವುದಿಲ್ಲ. ನಡುವೆ ಬದು ಬೀಳುತ್ತದೆ, ಪಹಣಿಯಲ್ಲಿ ಹಿಸ್ಸಾ ನಂಬರು ಸೇರುತ್ತದೆ. ಡಿಸ್ಕ್‌ನಲ್ಲಿ ಬದುವೂ ಇಲ್ಲ, ಪಹಣಿ ಮಾತ್ರ ಇದೆ. ಯಾವ ವಿಭಾಗ ಎಲ್ಲಿಂದ ಆರಂಭವಾಗಿ ಎಷ್ಟು ದೂರ ಹಬ್ಬಿದೆ ಎಂಬ ಚಿಕ್ಕದೊಂದು ಕೋಷ್ಟಕ ಡಿಸ್ಕ್‌ನ ಆರಂಭದಲ್ಲಿ ಬರೆದಿರುತ್ತದೆ. ಯಂತ್ರ ನಂಬುವುದು ಆ ಕೋಷ್ಟಕವನ್ನೇ.

ಕೋಷ್ಟಕ ಬರೆಯುವ ಕ್ರಮಗಳು ಎರಡು. ಹಳೆಯದು ಎಂಬಿಆರ್, ಐಬಿಎಂ ಸಂಸ್ಥೆಯ ಪಿಸಿ ಎಕ್ಸ್‌ಟಿ ಯಂತ್ರವು 10 ಎಂಬಿ ಹಾರ್ಡ್‌ಡಿಸ್ಕ್‌ನೊಂದಿಗೆ ಮಾರುಕಟ್ಟೆಗೆ ಬಂದ 1983ರಿಂದಲೂ ಬಳಕೆಯಲ್ಲಿದೆ. ಡಿಸ್ಕ್‌ನ ಮೊದಲ 512 ಬೈಟ್‌ಗಳಲ್ಲಿ 64 ಬೈಟ್‌ಗಳನ್ನಷ್ಟೇ ಈ ಕೋಷ್ಟಕಕ್ಕೆ ಮೀಸಲಿಟ್ಟಿದ್ದಾರೆ. ಒಂದು ವಿಭಾಗದ ವಿವರಕ್ಕೆ 16 ಬೈಟ್ ಬೇಕು. ಹಾಗಾಗಿ ನಾಲ್ಕಕ್ಕಿಂತ ಹೆಚ್ಚು ಮುಖ್ಯ ವಿಭಾಗಗಳಿಗೆ ಜಾಗವಿಲ್ಲ. ಐದನೆಯದು ಬೇಕೆಂದಾಗ ಆ ನಾಲ್ಕರಲ್ಲಿ ಒಂದನ್ನು ‘ಎಕ್ಸ್‌ಟೆಂಡೆಡ್’ ಎಂದು ಘೋಷಿಸಿ, ಅದರ ಹೊಟ್ಟೆಯೊಳಗೆ ‘ಲಾಜಿಕಲ್’ ಎಂಬ ಉಪವಿಭಾಗಗಳನ್ನು ಮಾಡುವ ಉಪಾಯ ಹುಟ್ಟಿತು. ಹಳೆಯ ಜೋಡಣೆಯ ಯಂತ್ರಗಳ ಡಿ ಮತ್ತು ಇ ಅನೇಕ ವೇಳೆ ಇಂತಹ ಲಾಜಿಕಲ್ ವಿಭಾಗಗಳೇ ಆಗಿರುತ್ತವೆ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹೊಸ ಕ್ರಮದ ಹೆಸರು ಜಿಪಿಟಿ. ವಿಂಡೋಸ್‌ನಲ್ಲಿ ಇದು 128 ವಿಭಾಗಗಳಿಗೆ ಅವಕಾಶ ಕೊಡುತ್ತದೆ, ಎಂಬಿಆರ್‌ಗಿರುವ 2 ಟಿಬಿ ಗಾತ್ರದ ಮಿತಿ ಇದಕ್ಕಿಲ್ಲ, ಮೇಲಾಗಿ ಕೋಷ್ಟಕದ ಇನ್ನೊಂದು ಪ್ರತಿಯನ್ನು ಡಿಸ್ಕ್‌ನ ಕೊನೆಯಲ್ಲಿಯೂ ಇಡುತ್ತದೆ.

ಇಷ್ಟೊಂದು ಡ್ರೈವ್‌ಗಳನ್ನು ಮಾಡುವ ರೂಢಿ ಬಂದದ್ದೇಕೆ? ವಿಂಡೋಸ್ 95ರ ಆರಂಭದ ಕಾಲದಲ್ಲಿ ಬಳಕೆಯಲ್ಲಿದ್ದ ಫ್ಯಾಟ್16 ಕಡತ ವ್ಯವಸ್ಥೆಯಲ್ಲಿ ಒಂದು ವಿಭಾಗ 2 ಜಿಬಿಗಿಂತ ದೊಡ್ಡದಾಗುವಂತಿರಲಿಲ್ಲ. ಡಿಸ್ಕ್ ದೊಡ್ಡದಾದರೆ ಹೋಳು ಮಾಡುವುದು ಅನಿವಾರ್ಯವಾಗಿತ್ತು. ಬಳಿಕ ಫ್ಯಾಟ್32 ಬಂದಿತು. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಕಾಣಿಸಿಕೊಂಡಿದ್ದ ಎನ್‌ಟಿಎಫ್‌ಎಸ್ ವ್ಯವಸ್ಥೆ ಎಕ್ಸ್‌ಪಿಯ ಮೂಲಕ ಮನೆಗಳಿಗೂ ತಲುಪಿತು. ಆ ಅನಿವಾರ್ಯತೆ ಎಂದೋ ಮುಗಿದಿದೆ, ಆದರೆ ಅಭ್ಯಾಸ ಉಳಿದಿದೆ. ಇಂದು 256 ಜಿಬಿಯ ಎಸ್‌ಎಸ್‌ಡಿಯನ್ನು ನಾಲ್ಕು ಹೋಳು ಮಾಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸಿ ತುಂಬಿ ವಿಂಡೋಸ್ ಗೋಳಿಡುತ್ತಿರುವಾಗ ಇ ಖಾಲಿ ಬಿದ್ದಿರುತ್ತದೆ, ಅಷ್ಟೇ.

ಸಿ ವಿಭಾಗದಲ್ಲಿ ಕಾಣದೆ ಕುಳಿತಿರುವುದು

ಅಮೂಲ್ಯ ಕಡತಗಳನ್ನೆಲ್ಲ ಡಿಯಲ್ಲಿಯೇ ಇಟ್ಟಿದ್ದೇವೆ ಎಂದು ನಂಬಿದವರ ಯಂತ್ರಗಳಲ್ಲಿಯೂ ಮುಖ್ಯವಾದದ್ದು ಸಿಯಲ್ಲಿ ಇರುತ್ತದೆ. ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇವು ಮೂರೂ ಬೇರೆಡೆಗೆ ಬದಲಾಯಿಸದಿದ್ದರೆ ಸಿಯೊಳಗಿನ ‘ಯೂಸರ್ಸ್’ ಫೋಲ್ಡರಿನ ಭಾಗಗಳು. ಮಗಳ ಮದುವೆಯ ಫೋಟೊಗಳ ಫೋಲ್ಡರ್ ಡೆಸ್ಕ್‌ಟಾಪ್‌ನಲ್ಲಿದ್ದರೆ ಅದು ಸಿಯಲ್ಲಿದೆ ಎಂದೇ ಅರ್ಥ. ಸಿ ಫಾರ್ಮ್ಯಾಟ್ ಆದಾಗ ಅದೂ ಹೋಗುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರದ ವಹಿವಾಟು ಮುಗಿದ ಮೇಲೆ ದಲಾಲಿ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಕೆಲಸ ನಡೆಯುತ್ತದೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿಗೂ ಇಂತಹದೇ ಲೆಕ್ಕದ ಹೊರೆ ಇದೆ. ಇಂತಹ ಲೆಕ್ಕವನ್ನು ಟ್ಯಾಲಿ ತಂತ್ರಾಂಶದಲ್ಲಿ ಇಟ್ಟಿರುವವರು ಗಮನಿಸಬೇಕಾದ ಅಂಶವೊಂದಿದೆ. ತಂತ್ರಾಂಶ ಅಳವಡಿಸುವಾಗ ಯಾರೂ ಬದಲಾಯಿಸದಿದ್ದರೆ ಅದರ ಡೇಟಾ ಫೋಲ್ಡರ್ ಸಾಮಾನ್ಯವಾಗಿ ಸಿಯಲ್ಲಿಯೇ ಇರುತ್ತದೆ. ಕಂಪನಿಯನ್ನು ಆಯ್ಕೆ ಮಾಡುವ ಪರದೆಯಲ್ಲಿ ಡೇಟಾದ ಮಾರ್ಗ ತೋರಿಸುತ್ತದೆ. ಅದು ಸಿ ಅಕ್ಷರದಿಂದ ಆರಂಭವಾಗಿದೆಯೇ ಎಂದು ನೋಡಿದರೆ ಸಾಕು.

ಡಿಟಿಪಿ ಅಂಗಡಿಗಳ ಕಷ್ಟ ಬೇರೆ ಬಗೆಯದು. ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿಗಳ ಹಳೆಯ ಕಡತಗಳು ಡಿಯಲ್ಲಿ ಭದ್ರವಾಗಿಯೇ ಉಳಿದಿರುತ್ತವೆ. ಆದರೆ ಹೊಸ ವಿಂಡೋಸ್ ಹಾಕಿದ ಬಳಿಕ ತೆರೆದರೆ ಕನ್ನಡದ ಬದಲು ಮೇಲೆ ಕೆಳಗೆ ಚುಕ್ಕೆ, ಗೆರೆಗಳಿರುವ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಅಳಿಸಿಹಾಕುವ ಮೊದಲು ತಾಳ್ಮೆ ಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಆವೃತ್ತಿಗಳು, ಬರಹ ಮೊದಲಾದವುಗಳ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಠ್ಯ ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಫಾಂಟ್‌ಗಳಿರುವುದು ಸಿಯೊಳಗಿನ ವಿಂಡೋಸ್ ಫೋಲ್ಡರಿನ ‘ಫಾಂಟ್ಸ್’ ಎಂಬಲ್ಲಿ. ಅವುಗಳನ್ನು ಮತ್ತೆ ಅಳವಡಿಸಿದರೆ ಕನ್ನಡ ಮರಳುತ್ತದೆ. ಆದ್ದರಿಂದ ಯಂತ್ರವನ್ನು ದುರಸ್ತಿಗೆ ಕೊಡುವ ಮುನ್ನ ಬಳಸುತ್ತಿರುವ ಫಾಂಟ್‌ಗಳ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳುವುದು ಲೇಸು.

ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಡಿಗೆ ಸಾಗಿಸುವ ಸೌಲಭ್ಯ ವಿಂಡೋಸ್‌ನಲ್ಲಿದೆ. ಅದರ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅಲ್ಲಿ ‘ಲೊಕೇಶನ್’, ಬಳಿಕ ‘ಮೂವ್’ ಆರಿಸಬೇಕು. ಡಿಯಲ್ಲಿ ಮೊದಲೇ ಒಂದು ಹೊಸ ಫೋಲ್ಡರ್ ಮಾಡಿಟ್ಟು ಅದನ್ನು ತೋರಿಸಬೇಕೇ ಹೊರತು ಬರಿಯ ಡಿಯನ್ನು ತೋರಿಸಬಾರದು. ಹಾಗೆ ಮಾಡಿದರೆ ಇಡೀ ಡಿ ಡಾಕ್ಯುಮೆಂಟ್ಸ್ ಆಗಿಬಿಡುತ್ತದೆ, ಹಿಂದಿರುಗಿಸುವುದು ತಲೆನೋವಿನ ಕೆಲಸ.

ಡಿಗೂ ಅಪಾಯ ಬಂದದ್ದು ಹೇಗೆ?

ವಿಂಡೋಸ್ 11ಕ್ಕೆ ಮೈಕ್ರೊಸಾಫ್ಟ್ ನಿಗದಿಪಡಿಸಿರುವ ಅರ್ಹತೆಗಳಲ್ಲಿ ಯುಇಎಫ್‌ಐ ಎಂಬ ಹೊಸ ಬಗೆಯ ಆರಂಭ ವ್ಯವಸ್ಥೆಯೂ ಒಂದು. ಆ ವ್ಯವಸ್ಥೆಯಲ್ಲಿ ವಿಂಡೋಸ್ ನೆಲೆಸುವ ಡಿಸ್ಕ್ ಜಿಪಿಟಿ ಕ್ರಮದಲ್ಲಿರಬೇಕು. ಹಳೆಯ ಎಂಬಿಆರ್ ಡಿಸ್ಕನ್ನು ಜಿಪಿಟಿಗೆ ಬದಲಾಯಿಸಲು ಎರಡು ದಾರಿಗಳಿವೆ. ಮೊದಲನೆಯದು, 2017ರಿಂದ ವಿಂಡೋಸ್ 10ರೊಂದಿಗೇ ಬಂದಿರುವ ‘ಎಂಬಿಆರ್2ಜಿಪಿಟಿ’ ಎಂಬ ಸಾಧನ. ಇದು ಕಡತಗಳನ್ನು ಉಳಿಸಿಕೊಂಡೇ ಕೋಷ್ಟಕವನ್ನು ಬದಲಾಯಿಸುತ್ತದೆ. ಆದರೆ ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಮುಖ್ಯ ವಿಭಾಗಗಳಿದ್ದರೆ ಅಥವಾ ಮೇಲೆ ಹೇಳಿದ ಎಕ್ಸ್‌ಟೆಂಡೆಡ್, ಲಾಜಿಕಲ್ ವಿಭಾಗಗಳಿದ್ದರೆ ಅದು ಕೆಲಸ ಮಾಡಲು ನಿರಾಕರಿಸುತ್ತದೆ. ಹಳೆಯ ಸಿ, ಡಿ, ಇ ಜೋಡಣೆಯ ಯಂತ್ರಗಳು ಸಿಕ್ಕಿಬೀಳುವುದು ಇಲ್ಲಿಯೇ.

ಎರಡನೆಯ ದಾರಿ ನೇರ ಮತ್ತು ಕಠೋರ. ‘ಡಿಸ್ಕ್‌ಪಾರ್ಟ್’ ತೆರೆದು ‘ಕ್ಲೀನ್’ ಎಂಬ ಒಂದು ಪದ ಟೈಪ್ ಮಾಡಿದರೆ ಇಡೀ ಕೋಷ್ಟಕ ಅಳಿಸಿಹೋಗುತ್ತದೆ. ಕೆಲವೇ ಕ್ಷಣಗಳ ಕೆಲಸ. ಸಿ ಒಂದೇ ಅಲ್ಲ, ಡಿ ಮತ್ತು ಇ ಕೂಡ ಆ ಕ್ಷಣಕ್ಕೆ ಇಲ್ಲವಾಗುತ್ತವೆ. ಯಂತ್ರ ಸರಿಪಡಿಸುವವರ ಕೈಚಳಕವನ್ನು ಇಲ್ಲಿ ದೂರುವಂತಿಲ್ಲ. ಮೊದಲೇ ಪ್ರತಿ ತೆಗೆದಿರಬೇಕಾದದ್ದು ಯಂತ್ರದ ಒಡೆಯರ ಹೊಣೆ. ‘ಡಿಸ್ಕ್ ಪೂರ್ತಿ ಅಳಿಸಬೇಕಾಗುತ್ತದೆಯೇ, ಸಿ ಮಾತ್ರವೇ?’ ಎಂಬ ಪ್ರಶ್ನೆಯನ್ನು ಯಂತ್ರ ಕೈಬಿಡುವ ಮುನ್ನ ಬಾಯಿಬಿಟ್ಟು ಕೇಳಬೇಕು.

ಡಿಸ್ಕ್ ಯಾವ ಕ್ರಮದಲ್ಲಿದೆ ಎಂದು ಮನೆಯಲ್ಲಿಯೇ ತಿಳಿಯಬಹುದು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗೆ ‘ಡಿಸ್ಕ್ 0’ ಎಂಬ ಬರಹದ ಮೇಲೆ ಬಲ ಗುಂಡಿ ಒತ್ತಿ ‘ಪ್ರಾಪರ್ಟೀಸ್’ ಆರಿಸಿ, ‘ವಾಲ್ಯೂಮ್ಸ್’ ಪುಟದಲ್ಲಿ ‘ಪಾರ್ಟಿಷನ್ ಸ್ಟೈಲ್’ ಎಂಬ ಸಾಲು ನೋಡಿ. ಇದೇ ಪರದೆಯಲ್ಲಿ ಪ್ರತಿ ವಿಭಾಗದ ಗಾತ್ರವನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸ್ ಅಳವಡಿಸುವಾಗ ಬರುವ ಪಟ್ಟಿಯಲ್ಲಿ ಸಿ, ಡಿ ಎಂಬ ಅಕ್ಷರಗಳಿರುವುದಿಲ್ಲ. ‘ಪಾರ್ಟಿಷನ್ 1’, ‘ಪಾರ್ಟಿಷನ್ 2’ ಎಂಬ ಸಂಖ್ಯೆಗಳಷ್ಟೇ ಇರುತ್ತವೆ. ಸಿ ಎಂದುಕೊಂಡು ಡಿಯನ್ನು ಅಳಿಸುವ ಪ್ರಮಾದ ಆಗುವುದು ಆಗಲೇ. ಗಾತ್ರವೊಂದೇ ಗುರುತು. 500 ಜಿಬಿ ಎಂದು ಕೊಂಡ ಡಿಸ್ಕ್ 465 ಜಿಬಿ ಎಂದು ಕಂಡರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಗಡಿ ಸರಿಸುವ ಕ್ರಮ

ಸಿ ತುಂಬಿದೆ, ಡಿಯಲ್ಲಿ ಜಾಗವಿದೆ. ಅಲ್ಲಿಂದ ತೆಗೆದು ಇಲ್ಲಿಗೆ ಕೊಡಬಹುದೇ ಎಂಬುದು ಸಾಮಾನ್ಯ ಪ್ರಶ್ನೆ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಿಭಾಗವನ್ನು ಕುಗ್ಗಿಸುವ ‘ಶ್ರಿಂಕ್ ವಾಲ್ಯೂಮ್’, ಹಿಗ್ಗಿಸುವ ‘ಎಕ್ಸ್‌ಟೆಂಡ್ ವಾಲ್ಯೂಮ್’ ಎರಡೂ ಇವೆ. ತೊಡಕೇನೆಂದರೆ, ಕುಗ್ಗಿಸಿದಾಗ ಜಾಗ ಬಿಡುವಾಗುವುದು ಆ ವಿಭಾಗದ ಬಲತುದಿಯಲ್ಲಿ. ಹಿಗ್ಗಲು ಜಾಗ ಬೇಕಾದದ್ದೂ ತನ್ನ ಬಲಕ್ಕೆ ಹೊಂದಿಕೊಂಡೇ. ಡಿಯನ್ನು ಕುಗ್ಗಿಸಿದರೆ ಬಿಡುವಾದ ಜಾಗ ಡಿಯ ಆಚೆ ಉಳಿಯುತ್ತದೆ, ಸಿಗೆ ಎಟಕುವುದಿಲ್ಲ. ಪಕ್ಕದ ಹೊಲವನ್ನು ಬಿಟ್ಟು ಅದರಾಚೆಯ ಹೊಲಕ್ಕೆ ಬದು ಹಾಕಲು ಹೋದಂತೆ. ಸಿಗೆ ಜಾಗ ಕೊಡಬೇಕಾದರೆ ಡಿಯ ಕಡತಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ಡಿಯನ್ನು ಅಳಿಸಿ, ಸಿಯನ್ನು ಹಿಗ್ಗಿಸಿ, ಉಳಿದ ಜಾಗದಲ್ಲಿ ಹೊಸ ಡಿ ಮಾಡಬೇಕು. ಡಿ ಲಾಜಿಕಲ್ ಆಗಿದ್ದರೆ ಅದನ್ನು ಹೊತ್ತ ಎಕ್ಸ್‌ಟೆಂಡೆಡ್ ವಿಭಾಗವನ್ನೂ, ಎಂದರೆ ಇಯನ್ನೂ, ತೆಗೆಯಬೇಕಾಗುತ್ತದೆ. ಇಷ್ಟೆಲ್ಲ ಮಾಡದೆ ಗಡಿ ಸರಿಸುವ ಬೇರೆ ತಂತ್ರಾಂಶಗಳಿವೆ; ಲಿನಕ್ಸ್ ಬಳಗದ ಜಿಪಾರ್ಟೆಡ್ ಉಚಿತವಾಗಿಯೇ ದೊರೆಯುತ್ತದೆ. ಅವುಗಳೂ ಕಡತಗಳನ್ನು ಎತ್ತಿ ಬೇರೆಡೆ ಇಡುತ್ತವೆಯಾದ್ದರಿಂದ ನಡುವೆ ವಿದ್ಯುತ್ ಹೋದರೆ ಎರಡೂ ವಿಭಾಗ ಕೆಡಬಹುದು. ಹೆಸ್ಕಾಂ ವ್ಯಾಪ್ತಿಯ ಓದುಗರಿಗೆ ಯುಪಿಎಸ್‌ನ ಅಗತ್ಯವನ್ನು ವಿವರಿಸಬೇಕಿಲ್ಲ.

ಪರದೆಯಲ್ಲಿ ಅಕ್ಷರವಿಲ್ಲದ ಒಂದೆರಡು ಚಿಕ್ಕ ವಿಭಾಗಗಳೂ ಕಾಣುತ್ತವೆ. ಯಂತ್ರ ಆರಂಭವಾಗಲು, ಕೆಟ್ಟಾಗ ಸರಿಪಡಿಸಿಕೊಳ್ಳಲು ಅವು ಬೇಕು. ನೂರಿನ್ನೂರು ಎಂಬಿ ಉಳಿಯುತ್ತದೆಂದು ಅವುಗಳನ್ನು ಮುಟ್ಟಬಾರದು. ಹಾಗೆಯೇ ಎಂಬಿಆರ್ ಡಿಸ್ಕ್‌ನಲ್ಲಿ ಐದನೆಯ ವಿಭಾಗ ಮಾಡಹೊರಟಾಗ ‘ಡೈನಾಮಿಕ್ ಡಿಸ್ಕ್’ ಆಗಿ ಬದಲಾಯಿಸಲೇ ಎಂದು ವಿಂಡೋಸ್ ಕೇಳಿದರೆ ‘ನೋ’ ಎನ್ನುವುದೇ ಸರಿ.

ಇನ್ನೊಂದು ಎಚ್ಚರಿಕೆ ಹೊಸ ಲ್ಯಾಪ್‌ಟಾಪ್‌ಗಳಿಗೆ ಸಂಬಂಧಿಸಿದ್ದು. ಅವುಗಳಲ್ಲಿ ಅನೇಕವು ಡಿಸ್ಕನ್ನು ಗೂಢಲಿಪಿಯಲ್ಲಿಯೇ ಬರೆಯುತ್ತವೆ. ಯಂತ್ರ ಕೆಟ್ಟು ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದಾಗ ಬಿಟ್‌ಲಾಕರ್ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಮೈಕ್ರೊಸಾಫ್ಟ್ ಖಾತೆಯಿಂದ ಬಳಸುತ್ತಿದ್ದರೆ ಕೀಲಿ ಸಾಮಾನ್ಯವಾಗಿ ಆ ಖಾತೆಯಲ್ಲಿರುತ್ತದೆ. ಮೊದಲೇ ಬರೆದಿಟ್ಟುಕೊಂಡವರು ಜಾಣರು.

ಪ್ರತಿ ಇರಬೇಕಾದದ್ದು ಬೇರೆ ಕಡೆ

ಡಿಸ್ಕ್ ಸುಟ್ಟರೆ, ಕಳುವಾದರೆ, ಕುತಂತ್ರಾಂಶ ಹೊಕ್ಕು ಕಡತಗಳಿಗೆ ಬೀಗ ಹಾಕಿದರೆ ಸಿ, ಡಿ ಎಂಬ ಭೇದ ಉಳಿಯದು. ಸಿಯಲ್ಲಿದ್ದುದನ್ನು ಡಿಗೆ ನಕಲು ಮಾಡಿ ‘ಬ್ಯಾಕಪ್ ಆಯಿತು’ ಎನ್ನುವುದು ಒಂದೇ ತಿಜೋರಿಯ ಎರಡು ಖಾನೆಗಳಲ್ಲಿ ಪತ್ರ ಇಟ್ಟಂತೆ. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿತದಿಂದ ಕೆರಳಿದ ರೈತರು ಎಪಿಎಂಸಿ ಕಚೇರಿಯ ಮೇಲೆ ದಾಳಿ ನಡೆಸಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ರಾಜ್ಯ ಕಂಡಿದೆ. ಬೆಂಕಿ, ನೆರೆ, ಗಲಭೆ ಯಾವ ಊರಿಗೂ ಬರಬಹುದು. ಲೆಕ್ಕದ ಇನ್ನೊಂದು ಪ್ರತಿ ಅಂಗಡಿಯ ಮೇಜಿನ ಖಾನೆಯಲ್ಲಿದ್ದರೆ ಸಾಲದು. ಮನೆಯಲ್ಲಿಯೋ ಅಂತರಜಾಲದ ಸಂಗ್ರಹದಲ್ಲಿಯೋ ಇರಬೇಕು. ಹೊರಗಿನ ಡಿಸ್ಕನ್ನು ನಕಲು ಮುಗಿದ ಕೂಡಲೇ ಕಳಚಿಡಬೇಕು, ಸದಾ ಜೋಡಿಸಿಟ್ಟರೆ ಕುತಂತ್ರಾಂಶ ಅದನ್ನೂ ಬಿಡುವುದಿಲ್ಲ. ಫ್ಯಾಟ್32 ವ್ಯವಸ್ಥೆಯ ಪೆನ್‌ಡ್ರೈವ್‌ಗೆ 4 ಜಿಬಿ ಮೀರಿದ ಒಂದೇ ಕಡತ ಹೋಗುವುದಿಲ್ಲ. ಮದುವೆಯ ದೊಡ್ಡ ವಿಡಿಯೊಗಳಿಗೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಬೇಕು.

ಇಷ್ಟಾಗಿಯೂ ವಿಭಾಗ ಅಳಿಸಿಹೋದರೆ ಮೊದಲ ಕೆಲಸ ಯಂತ್ರವನ್ನು ಬಳಸದೆ ನಿಲ್ಲಿಸುವುದು. ಪಹಣಿ ಹರಿದಿದೆ, ಬೆಳೆ ಇನ್ನೂ ಹೊಲದಲ್ಲಿಯೇ ಇದೆ. ಮೇಲೆ ಹೊಸ ಬಿತ್ತನೆ ಆಗಬಾರದು. ಆ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಟೆಸ್ಟ್‌ಡಿಸ್ಕ್‌ನಂತಹ ಉಚಿತ ತಂತ್ರಾಂಶದಿಂದ ಹಳೆಯ ಗಡಿಗಳನ್ನು ಹುಡುಕಿಸಿದರೆ ಹಲವು ವೇಳೆ ವಿಭಾಗ ಇದ್ದಂತೆಯೇ ಮರಳುತ್ತದೆ. ಕಳೆದುಹೋದ ಕಡತಗಳಿದ್ದ ಡಿಸ್ಕ್‌ಗೇ ಆ ತಂತ್ರಾಂಶವನ್ನು ಅಳವಡಿಸಬಾರದು. ವಿಸ್ಟಾದಿಂದೀಚೆಗೆ ‘ಕ್ವಿಕ್’ ಅಲ್ಲದ ಪೂರ್ಣ ಫಾರ್ಮ್ಯಾಟ್ ಇಡೀ ವಿಭಾಗದಲ್ಲಿ ಸೊನ್ನೆ ಬರೆಯುತ್ತದೆ, ಅದಾದ ಮೇಲೆ ಹುಡುಕಲು ಏನೂ ಉಳಿಯುವುದಿಲ್ಲ. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದರೂ ಆಸೆಯಿದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ, ಫಾರ್ಮ್ಯಾಟ್ ಆದ ಕೂಡಲೇ ‘ಟ್ರಿಮ್’ ಎಂಬ ಆದೇಶದಂತೆ ಹಳೆಯ ಜಾಗವನ್ನು ಅದು ತಾನಾಗಿಯೇ ತೆರವು ಮಾಡಿಕೊಳ್ಳುತ್ತದೆ. ಆಗ ಎಷ್ಟೇ ಹಣ ಕೊಟ್ಟರೂ ಕಡತ ಮರಳಿ ಸಿಗುವುದು ದುರ್ಲಭ.