ಹುರುಳಿಯ ಹಿರಿಮೆ: ಕಲ್ಯಾಣದಿಂದ ಇಚಿಲಂಪಾಡಿಯವರೆಗೆ

ಶರಣಧರ್ಮದಲ್ಲಿ ಅನ್ನವೆಂಬುದು ಕೇವಲ ಉದರಪೋಷಣೆಯ ವಸ್ತುವಲ್ಲ. ಕಾಯಕದಿಂದ ಬಂದುದು ದಾಸೋಹಕ್ಕೆ ಸಂದಾಗ ಅದು ಪ್ರಸಾದವೆನಿಸುತ್ತದೆ. ಆದುದರಿಂದ ಪದಾರ್ಥದ ಬೆಲೆಯನ್ನು ನಿರ್ಣಯಿಸುವುದು ಪೇಟೆಯ ದರವಲ್ಲ. ಅದು ಯಾವ ದುಡಿಮೆಯಿಂದ ಬಂದಿತು, ಯಾರ ಹಸಿವನ್ನು ಹಿಂಗಿಸಿತು ಎಂಬ ವಿಚಾರವೇ ಮುಖ್ಯ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬನ್ನಿರೆಂದು ಲಕ್ಕಮ್ಮ ತಾಯಿ ತಿಳಿಹೇಳಿದ ಪ್ರಸಂಗ ಭಕ್ತರೆಲ್ಲರಿಗೂ ತಿಳಿದುದೇ ಆಗಿದೆ. ಈ ಅಳತೆಗೋಲನ್ನು ಹಿಡಿದು ನಾಡಿನ ಅಡುಗೆಯ ಚರಿತ್ರೆಯನ್ನು ನೋಡಿದರೆ, ಮೊದಲ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಹೋಳಿಗೆ ಪಾಯಸಗಳಲ್ಲ. ಬಡವರ ಕಾಳೆಂದು ಹೆಸರಾದ ಹುರುಳಿ.

ಹುರುಳಿಯ ಚರಿತ್ರೆ ಅರಸರ ಚರಿತ್ರೆಗಿಂತ ಹಳೆಯದು. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆ, ತುಂಗಭದ್ರೆಯ ತೀರದ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಹುರುಳಿ ಮತ್ತು ಹೆಸರುಕಾಳುಗಳು ಪುರಾತತ್ತ್ವಜ್ಞರಿಗೆ ದೊರೆತಿವೆ. ಸುಮಾರು 4000 ವರ್ಷಗಳ ಹಿಂದೆಯೇ ಈ ನೆಲದ ಕೃಷಿಕನು ಕಿರುಧಾನ್ಯದೊಂದಿಗೆ ಕಾಳನ್ನು ಬೇಯಿಸಿ ಉಣ್ಣುತ್ತಿದ್ದನೆಂಬುದಕ್ಕೆ ಅವು ಸಾಕ್ಷಿ. ಅಲಸಂಡೆ ಆಫ್ರಿಕದಿಂದ ಬಂದುದು. ತಿಂಗಳವರೆ ಅಮೆರಿಕದಿಂದ ಬಂದುದು. ಹುರುಳಿಯಾದರೋ ಇಲ್ಲಿಯದೇ.

ಬರೆದಿಟ್ಟ ಪಾಕಶಾಸ್ತ್ರವೂ ಕನ್ನಡನಾಡಿನಲ್ಲಿ ಪ್ರಾಚೀನವಾದುದು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆಂದೇ ಒಂದು ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 1130ರ ಆಸುಪಾಸಿನದು, ಬಸವಣ್ಣನವರು ಕಲ್ಯಾಣಕ್ಕೆ ಬರುವುದಕ್ಕೆ ಕೆಲವೇ ದಶಕಗಳ ಹಿಂದಿನದು. ಅದರ ಅನ್ನಭೋಗದ ಪ್ರಕರಣದಲ್ಲಿ ಹಲವು ಬಗೆಯ ಕಾಳುಗಳನ್ನು ಕೂಡಿಸಿ, ಸೈಂಧವ ಲವಣ, ಅರಿಸಿನ, ಇಂಗುಗಳಿಂದ ಸಂಸ್ಕರಿಸುವ ‘ವಿದಲಪಾಕ’ದ ವರ್ಣನೆ ಬರುತ್ತದೆ. 1508ರಲ್ಲಿ ಮೂರನೆಯ ಮಂಗರಸನು ಕನ್ನಡ ಪದ್ಯದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನು; ಅದು ಸಂಪೂರ್ಣವಾಗಿ ಶಾಕಾಹಾರದ ಗ್ರಂಥ. ಮುಂದೆ ಕೆಳದಿಯ ಬಸವಪ್ಪ ನಾಯಕನು 1709ರ ಸುಮಾರಿಗೆ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕವಿದ್ಯೆಗೆ ಸ್ಥಾನ ದೊರೆಯಿತು.

ಇವುಗಳಲ್ಲಿ ಹೆಚ್ಚಿನವು ಅರಮನೆಯ ಮತ್ತು ವಿದ್ವಾಂಸರ ಲೋಕದ ಕೃತಿಗಳೆಂಬುದನ್ನು ಮರೆಯಲಾಗದು. ಹೊಲದಲ್ಲಿ ದುಡಿದು ಸಂಜೆ ಮನೆಗೆ ಬಂದವನ ಒಲೆಯ ಮೇಲೆ ಏನು ಕುದಿಯುತ್ತಿತ್ತೆಂಬುದನ್ನು ಅರಿಯಬೇಕಾದರೆ ಗ್ರಂಥವನ್ನು ಬಿಟ್ಟು ಗ್ರಾಮಕ್ಕೆ ಬರಬೇಕು.

ಅಂತಹ ಗ್ರಾಮಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಇಚಿಲಂಪಾಡಿಯೂ ಒಂದು. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದ ಇದು ಈಗ ಕಡಬ ತಾಲೂಕಿನಲ್ಲಿದೆ. ಈ ಸೀಮೆಯ ತುಳು ಮಾತಿನಲ್ಲಿ ಹುರುಳಿಗೆ ‘ಕುಡು’ ಎಂದೂ ಹೆಸರುಕಾಳಿಗೆ ‘ಪದೆಂಗಿ’ ಎಂದೂ ಹೆಸರು. ಘಟ್ಟದ ಬುಡದ ಈ ಗದ್ದೆಗಳಲ್ಲಿ ಮಳೆಗಾಲದ ಏಣೆಲು ಬೆಳೆ, ಅದರ ಬಳಿಕ ಸುಗ್ಗಿ ಬೆಳೆ, ನೀರಿನ ಅನುಕೂಲವಿದ್ದಲ್ಲಿ ಕೊಳಕೆ ಎಂದು ಭತ್ತದ ಸರದಿ ನಡೆಯುತ್ತಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಉಳಿದ ತೇವವನ್ನೇ ನಂಬಿ ಕುಡು, ಪದೆಂಗಿ, ಉದ್ದು, ಅಲಸಂಡೆಗಳನ್ನು ಬಿತ್ತುತ್ತಿದ್ದರು. ನೀರು ಬೇಡ, ಗೊಬ್ಬರ ಬೇಡ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಮುಂದಿನ ಭತ್ತಕ್ಕೆ ನೆಲವನ್ನು ಹದಗೊಳಿಸುವ ಗುಣವೂ ಈ ಬೆಳೆಗಳಿಗಿದೆ. ತಾನು ಪಡೆದುದಕ್ಕಿಂತ ಹೆಚ್ಚನ್ನು ನೆಲಕ್ಕೆ ಹಿಂದಿರುಗಿಸುವ ಈ ಕಾಳಿನಲ್ಲಿ ದಾಸೋಹತತ್ತ್ವವೇ ಮೊಳೆತಂತಿದೆ.

ಈ ಸೀಮೆಗೆ ಲಿಂಗಾಯತ ಅರಸೊತ್ತಿಗೆಗಳ ಸಂಬಂಧವೂ ಉಂಟು. ತುಳುನಾಡು 1763ರವರೆಗೆ ಕೆಳದಿಯ ಆಳ್ವಿಕೆಯಲ್ಲಿತ್ತು. ದಕ್ಷಿಣದ ಅಮರ ಸುಳ್ಯ ಸೀಮೆ ಕೊಡಗಿನ ಹಾಲೇರಿ ಅರಸರ ಕೈಯಲ್ಲಿತ್ತು. 1834ರಲ್ಲಿ ಕುಂಪಣಿ ಸರಕಾರವು ಕೊಡಗನ್ನು ವಶಪಡಿಸಿಕೊಂಡು ಆ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಹಾಲೇರಿ ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದರು. ಕುಂಪಣಿಯು ನಗದನ್ನೇ ಕೇಳಿತು. ನಾಣ್ಯಕ್ಕಾಗಿ ರೈತನು ತನ್ನ ಧಾನ್ಯವನ್ನು ವ್ಯಾಪಾರಿಯು ಹೇಳಿದ ಬೆಲೆಗೆ ಮಾರಬೇಕಾಯಿತು. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಸಿಡಿದೆದ್ದು ಬೆಳ್ಳಾರೆಯ ಖಜಾನೆಯನ್ನು ಹಿಡಿದು ಮಂಗಳೂರಿನವರೆಗೆ ಸಾಗಿದ ಬಂಡಾಯಕ್ಕೆ ಇದೂ ಒಂದು ಪ್ರಬಲ ಕಾರಣ. ಜನರು ಅದನ್ನು ‘ಕಲ್ಯಾಣಪ್ಪನ ಕಾಟುಕಾಯಿ’ ಎಂದು ಕರೆದರು. ಕಣಜದ ಧಾನ್ಯದ ಮೇಲೆ ಯಾರಿಗೆ ಹಕ್ಕು ಎಂಬ ಪ್ರಶ್ನೆ ಆ ಹೋರಾಟದ ಒಡಲಲ್ಲಿತ್ತು.

ಇನ್ನು ಈ ಕಾಳು ರಾತ್ರಿಯೂಟವಾಗುವ ಬಗೆಯನ್ನು ನೋಡಬಹುದು. ನಾಲ್ವರಿಗೆ ಸುಮಾರು 200 ಗ್ರಾಂ ಹುರುಳಿ ಸಾಕು. ಕಲ್ಲು ಆರಿಸಿ, ತೊಳೆದು, ಬೆಳಗ್ಗೆ ನೆನೆಯಿಟ್ಟರೆ ಸಂಜೆಗೆ ಹದವಾಗುತ್ತದೆ. ಅದನ್ನು ಧಾರಾಳ ನೀರಿನಲ್ಲಿ ಬೆರಳಿನಿಂದ ಹಿಸುಕಿದರೆ ಮೆದುವಾಗುವವರೆಗೆ ಬೇಯಿಸಬೇಕು. ಹುಣಿಸೆಹುಳಿಯನ್ನು ಮೊದಲೇ ಹಾಕಬಾರದು. ಹುಳಿ ಸೇರಿದರೆ ಕಾಳು ಬೇಯುವುದಿಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕೆಲವೇ ಮೆಂತೆಕಾಳುಗಳನ್ನು ಹುರಿದು, ಒಂದು ಹಿಡಿ ತೆಂಗಿನತುರಿಯೊಂದಿಗೆ ಅರೆದು, ಅದರ ಜೊತೆಗೆ ಬೆಂದ ಕಾಳಿನ ಒಂದು ಸೌಟನ್ನೂ ಸೇರಿಸಿ ಅರೆದರೆ ರಸ ತಾನಾಗಿ ಗಟ್ಟಿಯಾಗುತ್ತದೆ. ಉಪ್ಪು, ಹುಳಿ ಬೆರೆಸಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಗಸಿ ಸಿದ್ಧ. ಕಾಳನ್ನು ಬೇರ್ಪಡಿಸಿ ಕಟ್ಟಿನಿಂದ ತೆಳ್ಳಗೆ ಮಾಡಿದರೆ ಅದೇ ‘ಕುಡುತ ಸಾರ್’. ಕುಚ್ಚಲಕ್ಕಿ ಅನ್ನಕ್ಕೂ ಗಂಜಿಗೂ ಇದು ಒಪ್ಪುತ್ತದೆ. ಕೆಂಪುಮೆಣಸು ಪೋರ್ಚುಗೀಸರು ಬಂದ ಬಳಿಕ ನಾಡಿಗೆ ಕಾಲಿಟ್ಟುದು. ಅದಕ್ಕೆ ಮುಂಚೆ ಖಾರ ಕೊಡುತ್ತಿದ್ದುದು ಇದೇ ಮಲೆಯ ಕರಿಮೆಣಸು.

ಈ ಅಡುಗೆಯಲ್ಲಿ ಹಾಲಿಲ್ಲ, ಮೊಸರಿಲ್ಲ, ತುಪ್ಪವಿಲ್ಲ. 1944ರಲ್ಲಿ ಇಂಗ್ಲೆಂಡಿನಲ್ಲಿ ‘ವೀಗನ್’ ಎಂಬ ಪದ ಹುಟ್ಟುವ ಮೊದಲೇ, ಕರಾವಳಿಯ ಬಡವರ ಒಲೆಯಲ್ಲಿ ಪ್ರಾಣಿಜನ್ಯ ಪದಾರ್ಥದ ಸೋಂಕಿಲ್ಲದ ಈ ಗಸಿ ಕುದಿಯುತ್ತಿತ್ತು. ಅಲ್ಲಿ ವ್ರತವಿರಲಿಲ್ಲ, ಇದ್ದುದರಲ್ಲಿ ಎಲ್ಲರಿಗೂ ಸಾಲುವಂತೆ ಮಾಡುವ ಗೃಹಿಣಿಯ ವಿವೇಕವಿತ್ತು. ಒಣಹುರುಳಿಯಲ್ಲಿ ನೂರಕ್ಕೆ ಸುಮಾರು 22 ಪಾಲು ಸಸಾರಜನಕವಿರುವುದರಿಂದ ದುಡಿಯುವ ದೇಹಕ್ಕೆ ಅದು ನಿಜವಾದ ಆಧಾರವೇ ಆಗಿತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯ ನೆಲದ ಮುಖವೇ ಬದಲಾಯಿತು. ಕೇರಳದಿಂದ ಬಂದ ಕೃಷಿಕರು ಗುಡ್ಡಗಳಲ್ಲಿ ರಬ್ಬರನ್ನು ನೆಟ್ಟರು. 1964ರ ಭಾರತ–ಸಿಲೋನ್ ಒಪ್ಪಂದದ ತರುವಾಯ ಮರಳಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರು ಭಾಗದ ರಬ್ಬರು ತೋಟಗಳಲ್ಲಿ ದುಡಿಮೆ ಹಿಡಿದವು. ಬಯಲಿನ ಗದ್ದೆಗಳು ಅಡಿಕೆ ತೋಟಗಳಾದವು. ಭತ್ತದ ಗದ್ದೆಯೊಂದಿಗೆ ಅದರ ಬೆನ್ನಿಗೆ ಬೆಳೆಯುತ್ತಿದ್ದ ಕಾಳೂ ಹಿಂಜರಿಯಿತು. ಗದ್ದೆಯಿಂದ ಬರುತ್ತಿದ್ದುದು ಅಂಗಡಿಯಿಂದ ಬರುವಂತಾಯಿತು. ಆದರೂ ಒಲೆಯ ಮೇಲಿನ ಬಾಂಧವ್ಯ ಅಳಿಯಲಿಲ್ಲ. ಮಲಯಾಳಿ ಮನೆಯ ಗಂಜಿ–ಪಯರು, ತಮಿಳರ ಕೊಳ್ಳು ರಸಂ, ತುಳುವರ ಕುಡುತ ಸಾರು, ಬಯಲುಸೀಮೆಯ ಹುರುಳಿ ಕಟ್ಟು ಇವೆಲ್ಲ ಒಂದೇ ಕುಲದ ಅಡುಗೆಗಳು.

ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳವರು (1907–2019) ಸಹಸ್ರಾರು ಮಕ್ಕಳಿಗೆ ನಡೆಸಿದ ದಾಸೋಹದ ಬೆನ್ನೆಲುಬು ಮುದ್ದೆ ಮತ್ತು ಸಾರು. ಪಕ್ವಾನ್ನವನ್ನು ಕೆಲವರಿಗೆ ಬಡಿಸಬಹುದು. ಬಂದವರೆಲ್ಲರಿಗೂ ನಿತ್ಯ ಬಡಿಸಬಲ್ಲುದು ಕಾಳಿನ ಸಾರೇ. ಹುರುಳಿಯನ್ನು ದನದ ಮೇವೆಂದೂ ಬಡವರ ತಿನಿಸೆಂದೂ ಹೀಗಳೆದು ಪಂಕ್ತಿಯಿಂದ ದೂರವಿಟ್ಟವರು, ಅದನ್ನು ಉಂಡು ದುಡಿದವರನ್ನೂ ದೂರವಿಟ್ಟರು ಎಂಬುದನ್ನು ಮರೆಯುವಂತಿಲ್ಲ. ಕಾಳಿಗೆ ಗೌರವ ಮರಳಬೇಕಾದರೆ ಅದನ್ನು ಬೆಳೆದ ಕೈಗೂ ಬೇಯಿಸಿದ ಕೈಗೂ ಗೌರವ ಮರಳಬೇಕು. ಒಂದು ಹಿಡಿ ಹುರುಳಿಯನ್ನು ಬೆಳಗ್ಗೆ ನೆನೆಯಿಟ್ಟು, ಸಂಜೆ ಮನೆಮಂದಿಯೊಡನೆ ಒಬ್ಬ ಅತಿಥಿಗೂ ಬಡಿಸುವುದು ಸಣ್ಣ ಕೆಲಸವೇ ಸರಿ; ದಾಸೋಹವು ಅಂತಹ ಸಣ್ಣ ಕೆಲಸದಿಂದಲೇ ಮೊದಲಾಗುತ್ತದೆ.